ಕುರುವಾಯಿ ದುಂಬಿ ಮತ್ತು ಕೆಂಪು ಮೂತಿ ಹುಳು: ಒಂದು ತೆಂಗಿನ ತೋಟದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ತುರುವೇಕೆರೆ ತಾಲ್ಲೂಕು. ನಾಲ್ಕು ಎಕರೆ ತೆಂಗಿನ ತೋಟದಲ್ಲಿ ಅರ್ಧದಷ್ಟು ನಮ್ಮ ತಂದೆಯವರ ಕಾಲದ ಮರಗಳು, ಉಳಿದವು ಏಳು ವರ್ಷದ ಹಿಂದೆ ನಾವು ಹಾಕಿದವು. ಎರಡು ವರ್ಷದಿಂದ ಎಳೆ ಗರಿಗಳು ಕತ್ತರಿ ಆಡಿಸಿದಂತೆ ತುಂಡಾಗಿ ಬಿಚ್ಚಿಕೊಳ್ಳುತ್ತಿವೆ. ಕಳೆದ ತಿಂಗಳು ಏಳು ವರ್ಷದ ಒಂದು ಮರದ ತಲೆ ಇದ್ದಕ್ಕಿದ್ದಂತೆ ಮುರಿದು ಬಿತ್ತು. ಸೀಳಿ ನೋಡಿದರೆ ಒಳಗೆಲ್ಲ ಕೊಬ್ಬಿದ ಹುಳುಗಳು, ನಾರಿನ ಗೂಡುಗಳು, ಉದ್ದ ಮೂತಿಯ ಕೆಂಪು ಕೀಟಗಳು. ತಿಪ್ಪೆ ತೆಗೆಸಿದಾಗಲೂ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಬುಟ್ಟಿಗಟ್ಟಲೆ ಸಿಕ್ಕಿದವು. ಕೊಂಬಿರುವ ಕಪ್ಪು ದುಂಬಿ ಗಂಡು, ಮೂತಿಯಿರುವ ಕೆಂಪು ಹುಳು ಹೆಣ್ಣು, ಎರಡೂ ತಿಪ್ಪೆಯಲ್ಲೇ ಹುಟ್ಟುತ್ತವೆ, ಇನ್ನು ಮೇಲೆ ಕೊಟ್ಟಿಗೆ ಗೊಬ್ಬರ ಹಾಕಲೇಬೇಡಿ ಎಂದು ನೆರೆಯವರು ಹೇಳುತ್ತಾರೆ. ಔಷಧಿ ಅಂಗಡಿಯವರು ಸುಳಿಗೆ ಹರಳು ಔಷಧಿ ತುಂಬಿ ಎಂದರು. ಮತ್ತೊಬ್ಬರು ಮೋಹಕ ಬಲೆ (ವಾಸನೆಯಿಂದ ಕೀಟಗಳನ್ನು ಸೆಳೆದು ಹಿಡಿಯುವ ಬಲೆ) ಕಟ್ಟಿದರೆ ಸಾಕು ಎಂದರು. ಈಗ ಪಕ್ಕದ ಇನ್ನೊಂದು ಮರದ ಬೊಡ್ಡೆಯಲ್ಲಿ ಕಂದು ರಸ ಸೋರುತ್ತಿದೆ. ಅದನ್ನು ಕಡಿಸಬೇಕೆ, ಉಳಿಸಿಕೊಳ್ಳಬಹುದೆ?

ಉತ್ತರ: ರಸ ಸೋರುತ್ತಿರುವ ಮರವನ್ನು ಸದ್ಯಕ್ಕೆ ಕಡಿಸಬೇಡಿ. ಅದರ ಸುಳಿ ಇನ್ನೂ ನೆಟ್ಟಗೆ ಹಸಿರಾಗಿ ನಿಂತಿದ್ದರೆ ಉಳಿಸಿಕೊಳ್ಳುವ ಅವಕಾಶ ಬಹಳಷ್ಟು ಸಂದರ್ಭಗಳಲ್ಲಿ ಇರುತ್ತದೆ. ಆದರೆ ಏನು ಮಾಡಬೇಕೆಂಬುದು ಆ ಮರದೊಳಗೆ ಯಾರಿದ್ದಾರೆ ಎಂಬುದನ್ನು ಅವಲಂಬಿಸಿದೆ. ನಿಮ್ಮ ತೋಟದಲ್ಲಿ ಈಗ ಎರಡು ಬೇರೆ ಬೇರೆ ಕೀಟಗಳಿವೆ. ಅವೆರಡನ್ನೂ ಒಂದೇ ಎಂದು ತಿಳಿದು ಒಂದೇ ಔಷಧಿಯನ್ನು ಒಂದೇ ಜಾಗಕ್ಕೆ ಹಾಕುತ್ತಾ ಹೋದದ್ದರಿಂದ ಹಣ ಕಳೆದುಕೊಂಡ ಬೆಳೆಗಾರರನ್ನು ತಿಪಟೂರು, ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕೊಂಬಿನ ಕಪ್ಪು ದುಂಬಿಗೆ ನಮ್ಮಲ್ಲಿ ಕುರುವಾಯಿ ದುಂಬಿ ಅಥವಾ ರೈನೋಸರಸ್ ದುಂಬಿ ಎನ್ನುತ್ತಾರೆ. ವೈಜ್ಞಾನಿಕ ಹೆಸರು ಒರಿಕ್ಟಿಸ್ ರೈನೋಸರಸ್. ಇದು ಸಗಣಿ ದುಂಬಿ, ಗೊಣ್ಣೆ ಹುಳುಗಳ ಕುಟುಂಬಕ್ಕೆ ಸೇರಿದ್ದು. ಮೂತಿಯಿರುವ ಕೆಂಪು ಕೀಟ ರಿಂಕೋಫೋರಸ್ ಫೆರುಜಿನಿಯಸ್. ಇದು ಧಾನ್ಯದಲ್ಲಿ ಬೀಳುವ ಮೂತಿ ಹುಳುವಿನ ದೂರದ ಬಂಧು. ಎರಡೂ ದಕ್ಷಿಣ ಏಷ್ಯಾದ ನೆಲದಲ್ಲೇ ಹುಟ್ಟಿ ಬೆಳೆದವು, ಎರಡೂ ತಾಳೆ ಜಾತಿಯ ಮರಗಳನ್ನು ಹುಡುಕಿ ಬರುತ್ತವೆ, ಗಾತ್ರದಲ್ಲೂ ಹೆಚ್ಚು ಕಡಿಮೆ ಒಂದೇ. ಅಲ್ಲಿಗೆ ಹೋಲಿಕೆ ಮುಗಿಯಿತು. ಒಂದು ಗಂಡು, ಇನ್ನೊಂದು ಹೆಣ್ಣು ಎಂಬ ಮಾತಿಗೆ ಆಧಾರವಿಲ್ಲ. ಕುರುವಾಯಿಯಲ್ಲಿ ಗಂಡಿಗೂ ಕೊಂಬಿದೆ, ಹೆಣ್ಣಿಗೂ ಇದೆ. ಗಂಡಿನದು ಉದ್ದ, ಹೆಣ್ಣಿನದು ಮೊಂಡು, ಜೊತೆಗೆ ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಕೆಂಗಂದು ಬಣ್ಣದ ಕೂದಲಿನ ಕುಚ್ಚು ಇರುತ್ತದೆ. ಕೆಂಪು ಮೂತಿ ಹುಳುವಿನಲ್ಲಿಯೂ ಗಂಡು ಹೆಣ್ಣು ಎರಡಕ್ಕೂ ಮೂತಿಯಿದೆ. ಗಂಡಿನ ಮೂತಿಯ ಮೇಲ್ಭಾಗದಲ್ಲಿ ಸಣ್ಣ ಬ್ರಷ್ಷಿನಂತೆ ಕೂದಲು ಕಾಣುತ್ತದೆ, ಹೆಣ್ಣಿನ ಮೂತಿ ನುಣುಪಾಗಿರುತ್ತದೆ.

ನಿಮಗೆ ಮುಖ್ಯವಾಗಬೇಕಾದ ವ್ಯತ್ಯಾಸ ಅವುಗಳ ಮರಿಗಳು ಎಲ್ಲಿ ಬೆಳೆಯುತ್ತವೆ ಎಂಬುದು. ಕುರುವಾಯಿಗೆ ತಿಪ್ಪೆ ತವರು, ತೆಂಗಿನ ಮರ ಊಟದ ಮನೆ. ಕೆಂಪು ಮೂತಿ ಹುಳುವಿಗೆ ಮರವೇ ತವರು, ಮರವೇ ಊಟದ ಮನೆ.

ಕುರುವಾಯಿಯ ಹೆಣ್ಣು ಕೊಳೆಯುತ್ತಿರುವ ಸಾವಯವ ಪದಾರ್ಥದಲ್ಲಿ ಮೊಟ್ಟೆಯಿಡುತ್ತದೆ: ತಿಪ್ಪೆ, ಎರೆಗೊಬ್ಬರದ ತೊಟ್ಟಿಯ ಪಕ್ಕದ ಕಸದ ರಾಶಿ, ಮರದ ಪುಡಿಯ ಗುಡ್ಡೆ, ನಾರಿನ ಕಾರ್ಖಾನೆಯಿಂದ ತಂದು ಸುರಿದ ತೆಂಗಿನ ನಾರಿನ ಪುಡಿ, ಸತ್ತು ನಿಂತ ಅಥವಾ ಬಿದ್ದು ಕೊಳೆತ ತೆಂಗಿನ ಬೊಡ್ಡೆ. ಹತ್ತು ದಿನದ ಆಸುಪಾಸಿನಲ್ಲಿ ಮರಿ ಹೊರಬರುತ್ತದೆ, ಮೂರು ನಾಲ್ಕು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಅಲ್ಲಿಯೇ ಕೊಳೆತದ್ದನ್ನು ತಿಂದು ಕೊಬ್ಬುತ್ತದೆ, ಅಲ್ಲೇ ಕೋಶವಾಗಿ ದುಂಬಿಯಾಗಿ ಹೊರಡುತ್ತದೆ. ಈ ಅವಧಿಯಲ್ಲಿ ಅದು ಜೀವಂತ ತೆಂಗಿನ ಬೇರನ್ನಾಗಲಿ ಬೊಡ್ಡೆಯನ್ನಾಗಲಿ ಮುಟ್ಟುವುದಿಲ್ಲ. ಹಾನಿ ಮಾಡುವುದು ಬೆಳೆದ ದುಂಬಿ ಮಾತ್ರ. ಅದು ರಾತ್ರಿ ಹಾರಿ ಮರದ ತಲೆಗೆ ಬಂದು, ಎಳೆ ಗರಿಗಳ ಬುಡದ ಸಂದಿಯಲ್ಲಿ ಇಳಿದು, ಇನ್ನೂ ಬಿಚ್ಚದ ಸುಳಿಯನ್ನು ಕೊರೆದು ರಸ ಹೀರುತ್ತದೆ. ಅಗಿದ ನಾರನ್ನು ಹೊರಕ್ಕೆ ತಳ್ಳುತ್ತದೆ. ಮಡಿಚಿದ ಸುಳಿಯಲ್ಲಿ ಒಂದು ಕಡೆ ತೂತಾದರೆ ಗರಿ ಬಿಚ್ಚಿದಾಗ ಎರಡೂ ಬದಿಯಲ್ಲಿ ಒಂದೇ ಅಳತೆಯ ಕತ್ತರಿ ಗುರುತು ಮೂಡುತ್ತದೆ. ನೀವು ಕಂಡದ್ದು ಇದನ್ನೇ. ಕೆಲವೊಮ್ಮೆ ಎಳೆಯ ಹೊಂಬಾಳೆಯನ್ನೂ ಕೊರೆಯುವುದರಿಂದ ಆ ಗೊನೆ ಒಣಗಿಹೋಗುತ್ತದೆ.

ಗರಿಯ ಮೇಲಿನ ಗುರುತನ್ನು ಓದುವ ಒಂದು ಕ್ರಮ ಹೇಳುತ್ತೇನೆ, ಇದು ಖರ್ಚಿಲ್ಲದ ಕೆಲಸ. ಚೆನ್ನಾಗಿ ಬೆಳೆಯುವ ಎತ್ತರ ತಳಿಯ ತೆಂಗು ಸುಮಾರು ತಿಂಗಳಿಗೆ ಒಂದು ಗರಿ ಬಿಡುತ್ತದೆ. ಗುರುತಿರುವ ಗರಿಗಳು ಮೇಲಿನಿಂದ ಎಂಟನೆಯದು, ಒಂಬತ್ತನೆಯದು ಆಗಿದ್ದು ತುದಿಯ ನಾಲ್ಕೈದು ಗರಿಗಳು ಶುದ್ಧವಾಗಿದ್ದರೆ ದುಂಬಿ ಬಂದು ಹೋಗಿ ತಿಂಗಳುಗಳೇ ಆಗಿವೆ. ಈಗ ಆ ಮರದ ಸುಳಿಗೆ ಏನನ್ನು ಹಾಕಿದರೂ ವ್ಯರ್ಥ. ತುದಿಯ ಗರಿಗಳಲ್ಲೇ ಗುರುತಿದ್ದು, ಸುಳಿಯ ಬುಡದಲ್ಲಿ ಹಸಿ ನಾರು ಹೊರಬಂದಿದ್ದರೆ ಮಾತ್ರ ದುಂಬಿ ಈಗ ಒಳಗಿದೆ ಎಂದು ತಿಳಿಯಬೇಕು. ಅಂಥ ತೂತಿಗೆ ಕೊಕ್ಕೆಯಿರುವ ಕಬ್ಬಿಣದ ಕಂಬಿ ಹಾಕಿ ದುಂಬಿಯನ್ನು ಎಳೆದು ತೆಗೆಯುವುದು ಹಳೆಯ ಪದ್ಧತಿ. ಏಳು ವರ್ಷದ ಮರಗಳಲ್ಲಿ ಇಂದಿಗೂ ಅದಕ್ಕಿಂತ ಖಚಿತವಾದದ್ದಿಲ್ಲ.

ಬೆಳೆದ ಮರವನ್ನು ಕುರುವಾಯಿ ಕೊಲ್ಲುವುದು ಅಪರೂಪ, ಇಳುವರಿ ಕುಗ್ಗಿಸುತ್ತದೆ ಅಷ್ಟೆ. ಒಂದೆರಡು ವರ್ಷದ ಸಸಿಯಲ್ಲಿ ಮಾತ್ರ ಕೊರೆತ ನೇರವಾಗಿ ಬೆಳೆಯುವ ತುದಿಯನ್ನೇ ತಲುಪಿ ಸಸಿ ಸಾಯಬಹುದು.

ಇನ್ನು ತಿಪ್ಪೆಯಲ್ಲಿ ಸಿಕ್ಕ ಹುಳುಗಳ ವಿಷಯ. ಅವೆಲ್ಲವೂ ಕುರುವಾಯಿಯವೇ ಎಂದು ಹೇಳಲಾಗದು. ಹಿಡಿಯಷ್ಟು ಹುಳುಗಳನ್ನು ಗಟ್ಟಿ ನೆಲದ ಮೇಲೆ ಬಿಟ್ಟು ನೋಡಿ. ಬೆನ್ನ ಮೇಲೆ ಮಲಗಿ, ಕಾಲು ಮೇಲೆ ಮಾಡಿ ತೆವಳಿಕೊಂಡು ಹೋಗುವವು ಹೂವಿನ ದುಂಬಿಗಳ ಮರಿಗಳು. ಅವು ಗೊಬ್ಬರ ಕಳಿಯಲು ನೆರವಾಗುತ್ತವೆ, ತೆಂಗಿಗೆ ಶತ್ರುಗಳಲ್ಲ. ಅರ್ಧಚಂದ್ರದಂತೆ ಮುದುಡಿ ಪಕ್ಕಕ್ಕೆ ಮಲಗುವ, ಕಂದು ತಲೆಯ, ಎದೆಯ ಬಳಿ ಮೂರು ಜೊತೆ ಕಾಲುಗಳಿರುವ ದಪ್ಪ ಹುಳುಗಳು ಕುರುವಾಯಿಯ ಮರಿಗಳಿರಬಹುದು. ಕಡಲೆಕಾಯಿ, ಕಬ್ಬಿನ ಹೊಲಗಳಲ್ಲಿ ಬೇರು ಕಡಿಯುವ ಗೊಣ್ಣೆ ಹುಳು ನೋಟಕ್ಕೆ ಹೀಗೆಯೇ ಇದ್ದರೂ ಅದರ ಜಾತಿ ಬೇರೆ, ಬದುಕುವ ಜಾಗವೂ ಬೇರೆ. ಕೆಂಪು ಮೂತಿ ಹುಳುವಿನ ಮರಿಗೆ ಕಾಲುಗಳೇ ಇಲ್ಲ. ನಡುವೆ ಉಬ್ಬಿ ತುದಿಗಳಲ್ಲಿ ಸಣ್ಣಗಾದ ಹಳದಿ ಮಿಶ್ರಿತ ಬಿಳಿ ದೇಹ, ಗಟ್ಟಿಯಾದ ಕಂದು ತಲೆ. ಅದು ತಿಪ್ಪೆಯಲ್ಲಿ ಬೆಳೆಯುವುದಿಲ್ಲ. ಮುರಿದು ಬಿದ್ದ ನಿಮ್ಮ ಮರದಲ್ಲಿದ್ದ ಹುಳುಗಳೂ ತಿಪ್ಪೆಯಲ್ಲಿದ್ದ ಹುಳುಗಳೂ ಬೇರೆ ಎಂಬುದು ಕಾಲುಗಳನ್ನು ನೋಡಿದರೇ ತಿಳಿಯುತ್ತದೆ.

ಹೀಗಾಗಿ ಕೊಟ್ಟಿಗೆ ಗೊಬ್ಬರ ನಿಲ್ಲಿಸಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ, ಮತ್ತು ಅದನ್ನು ಬಲವಾಗಿಯೇ ವಿರೋಧಿಸುತ್ತೇನೆ. ಮಳೆ ಕಡಿಮೆಯಿರುವ, ಕೊಳವೆ ಬಾವಿಯ ನೀರನ್ನೇ ನಂಬಿರುವ ನಮ್ಮ ಕೆಂಪು ಮಣ್ಣಿಗೆ ಸಾವಯವ ಗೊಬ್ಬರ ತಪ್ಪಿದರೆ ತೇವ ಹಿಡಿಯುವ ಶಕ್ತಿಯೇ ಕುಂದುತ್ತದೆ, ಸೊರಗಿದ ಮರ ಇತರ ರೋಗಗಳಿಗೂ ತುತ್ತಾಗುತ್ತದೆ. ಸರಿಯಾಗಬೇಕಾದದ್ದು ತಿಪ್ಪೆಯನ್ನು ನೋಡಿಕೊಳ್ಳುವ ರೀತಿ. ನಮ್ಮಲ್ಲಿ ಬಹಳ ಮನೆಗಳವರು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಅಥವಾ ಮುಂಗಾರಿಗೆ ಮುಂಚೆ ತಿಪ್ಪೆ ಖಾಲಿ ಮಾಡುತ್ತಾರೆ. ಮೊಟ್ಟೆಯಿಂದ ದುಂಬಿಯಾಗುವವರೆಗೆ ಐದಾರು ತಿಂಗಳು ಹಿಡಿಯುವ ಕೀಟಕ್ಕೆ ಇದು ಯಾವ ಅಡಚಣೆಯೂ ಇಲ್ಲದೆ ಒಂದು ಪೀಳಿಗೆ ಮುಗಿಸಲು ಸಾಲುವ ಕಾಲ. ಎರಡು ತಿಂಗಳಿಗೊಮ್ಮೆ ತಿಪ್ಪೆಯನ್ನು ಬುಡಮೇಲು ಮಾಡಿ ಹರಡಿದರೆ ಹುಳುಗಳು ಇನ್ನೂ ಮರಿಯಾಗಿರುವಾಗಲೇ ಬಿಸಿಲಿಗೆ ಬೀಳುತ್ತವೆ. ಕೋಳಿ, ಕಾಗೆ, ಗೊರವಂಕಗಳು ಉಳಿದ ಕೆಲಸ ಮಾಡುತ್ತವೆ. ತೋಟದ ನಡುವೆ ಹಲವು ಸಣ್ಣ ಗುಡ್ಡೆಗಳನ್ನು ಇಡುವ ಬದಲು ಒಂದೇ ಗುಂಡಿ ಇಟ್ಟು, ಮೇಲೆ ನೈಲಾನ್ ಮೀನುಬಲೆ ಹೊದಿಸಿದರೆ ಮೊಟ್ಟೆಯಿಡಲು ಬರುವ ದುಂಬಿಯೂ ಒಳಗಿಂದ ಹೊರಡುವ ದುಂಬಿಯೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಹಸಿ ಗೊಬ್ಬರವನ್ನು ಪಾತಿಗೆ ಸುರಿಯಬೇಡಿ. ಚೆನ್ನಾಗಿ ಕಳಿತದ್ದನ್ನು, ಹುಳು ಆರಿಸಿದ ಮೇಲೆ ಹಾಕಿ.

ತಿಪ್ಪೆಗೆ ಸೇರಿಸಬಹುದಾದ ಮೆಟಾರೈಜಿಯಂ ಎಂಬ ಶಿಲೀಂಧ್ರ ಕುರುವಾಯಿ ಮರಿಗಳಿಗೆ ರೋಗ ತರುತ್ತದೆ. ರೋಗ ತಗುಲಿದ ಹುಳು ಗಟ್ಟಿಯಾಗಿ ಮೊದಲು ಬಿಳಿಯಾಗಿ, ಬಳಿಕ ಹಸಿರಾಗಿ ಕಾಣುತ್ತದೆ. ಒಳ್ಳೆಯ ಉಪಾಯವೇ ಹೌದು. ಆದರೆ ತೇವವಿಲ್ಲದ ತಿಪ್ಪೆಯಲ್ಲಿ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹಾಕಿದರೆ ಫಲ ಸಿಗುವುದಿಲ್ಲ. ಮಳೆಗಾಲದ ಆರಂಭದಲ್ಲಿ, ನೆರಳಿರುವ ಗುಂಡಿಗೆ, ನೀರು ಚಿಮುಕಿಸಿ ಬೆರೆಸಬೇಕು. ಇದೇ ದುಂಬಿಗೆ ತಗುಲುವ ಒಂದು ವೈರಾಣುವನ್ನು 1963ರಲ್ಲಿ ಮಲೇಷ್ಯಾದಲ್ಲಿ ಗುರುತಿಸಲಾಯಿತು, ಶಾಂತಸಾಗರದ ದ್ವೀಪಗಳಲ್ಲಿ ಅದರಿಂದ ದೊಡ್ಡ ಪ್ರಯೋಜನವೂ ಆಯಿತು. ನಮ್ಮ ದೇಶದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಲಕ್ಷದ್ವೀಪದಲ್ಲಿ ಬಿಡುಗಡೆ ಮಾಡಿತ್ತು. ಅದು ವಿಜ್ಞಾನಿಗಳು ದುಂಬಿಗಳಿಗೆ ಸೋಂಕು ತಗುಲಿಸಿ ಬಿಡುವ ಕ್ರಮ, ರೈತರು ಅಂಗಡಿಯಲ್ಲಿ ಕೊಳ್ಳುವ ವಸ್ತುವಲ್ಲ.

ಈಗ ನಿಮ್ಮ ಮರವನ್ನು ಕೊಂದ ಕೀಟಕ್ಕೆ ಬರೋಣ. ಕೆಂಪು ಮೂತಿ ಹುಳುವಿನ ಹೆಣ್ಣು ತನ್ನ ಜೀವಿತದಲ್ಲಿ ಇನ್ನೂರು ಮುನ್ನೂರು ಮೊಟ್ಟೆಗಳನ್ನು ಮರದ ಮೃದು ಭಾಗದಲ್ಲಿ, ಬಹುಮಟ್ಟಿಗೆ ಗಾಯವಿರುವಲ್ಲಿ ಇಡುತ್ತದೆ. ಕೆಲವೇ ದಿನಗಳಲ್ಲಿ ಮರಿಗಳು ಒಳಕ್ಕೆ ಕೊರೆದು, ಒಂದೆರಡು ತಿಂಗಳು ತಿರುಳನ್ನು ತಿಂದು, ಮರದ ನಾರನ್ನೇ ಸುತ್ತಿಕೊಂಡು ಗೂಡು ಕಟ್ಟಿ ಕೋಶವಾಗುತ್ತವೆ. ಹೊರಬಂದ ಕೀಟಗಳು ಅದೇ ಮರದಲ್ಲಿ ಮತ್ತೆ ಮೊಟ್ಟೆಯಿಡಬಲ್ಲವು. ಆದ್ದರಿಂದ ನೀವು ಸೀಳಿದ ಬೊಡ್ಡೆಯಲ್ಲಿ ಮರಿ, ಗೂಡು, ಬೆಳೆದ ಹುಳು ಎಲ್ಲವೂ ಒಟ್ಟಿಗೆ ಸಿಕ್ಕವು. ಹೊರಗೆ ಮರ ಹಸಿರಾಗಿರುವಾಗಲೇ ಒಳಗೆ ಟೊಳ್ಳಾಗಿರುತ್ತದೆ, ಕೊನೆಗೆ ತಲೆ ಒಮ್ಮೆಗೇ ಕಳಚುತ್ತದೆ. ಐದರಿಂದ ಇಪ್ಪತ್ತು ವರ್ಷದೊಳಗಿನ ಮರಗಳು ಇದಕ್ಕೆ ಹೆಚ್ಚು ಇಷ್ಟ, ಅಂದರೆ ನಿಮ್ಮ ಹೊಸ ಮರಗಳು ಅಪಾಯದ ವಯಸ್ಸಿನಲ್ಲಿವೆ. ಇದೇ ಕೀಟ 1980ರ ದಶಕದಲ್ಲಿ ಕೊಲ್ಲಿ ದೇಶಗಳ ಖರ್ಜೂರದ ತೋಟಗಳನ್ನು ಹೊಕ್ಕು ಅಲ್ಲಿ ಮಾಡಿದ ನಾಶ ಇನ್ನೂ ನಿಂತಿಲ್ಲ.

ಎರಡು ಕೀಟಗಳಿಗೂ ಇರುವ ನಂಟು ಗಾಯದ ಮೂಲಕ. ಕುರುವಾಯಿ ಕೊರೆದ ಸುಳಿಯ ಬುಡದಿಂದ ರಸ ಒಸರಿ ಹುಳಿ ವಾಸನೆ ಬರುತ್ತದೆ. ಆ ವಾಸನೆ ಕೆಂಪು ಮೂತಿ ಹುಳುವನ್ನು ಕರೆಯುತ್ತದೆ. ಹಾಗೆಂದು ತಪ್ಪೆಲ್ಲ ಕುರುವಾಯಿಯದೇ ಅಲ್ಲ. ತೆಂಗಿನ ಬೊಡ್ಡೆಯಲ್ಲಿ ಮಾವು, ಹುಣಸೆ ಮರಗಳಲ್ಲಿರುವಂತೆ ಗಾಯ ಮುಚ್ಚಿಕೊಳ್ಳುವ ಪದರವಿಲ್ಲ. ಒಮ್ಮೆ ಆದ ಗಾಯ ಮರವಿರುವಷ್ಟು ಕಾಲ ಹಾಗೆಯೇ ಉಳಿಯುತ್ತದೆ. ಪಂಪಿನ ತಂತಿ ಎಳೆಯಲು ಹೊಡೆದ ಮೊಳೆ, ಟ್ರ್ಯಾಕ್ಟರ್ ನೇಗಿಲು ತಾಗಿದ ಬುಡ, ಮರ ಹತ್ತಲು ಕೊಚ್ಚಿದ ಮೆಟ್ಟಿಲು, ಚಪ್ಪರಕ್ಕೆಂದು ಬುಡಕ್ಕೆ ಹತ್ತಿಕೊಂಡೇ ಕಡಿದ ಹಸಿ ಗರಿ, ಇವೆಲ್ಲವೂ ನಾವೇ ತೆರೆದಿಟ್ಟ ಬಾಗಿಲುಗಳು. ಹಸಿ ಗರಿಯನ್ನು ಕಡಿಯಲೇಬೇಕಾದರೆ ಬೊಡ್ಡೆಯಿಂದ ಸುಮಾರು 120 ಸೆಂಟಿಮೀಟರ್, ಅಂದರೆ ನಾಲ್ಕು ಅಡಿ ಮಟ್ಟೆಯನ್ನು ಬಿಟ್ಟು ಕಡಿಸಿ. ಮಟ್ಟೆಯ ತುದಿಯಲ್ಲಿ ಮೊಟ್ಟೆಯಿಟ್ಟರೂ ಮರಿ ಬೊಡ್ಡೆ ಮುಟ್ಟುವುದು ಕಷ್ಟವಾಗುತ್ತದೆ. ಗಾಯವಾದ ಕೂಡಲೇ ಟಾರು ಅಥವಾ ಸಿಮೆಂಟಿನಿಂದ ಮುಚ್ಚಿ.

ರಸ ಸೋರುವ ನಿಮ್ಮ ಎರಡನೆಯ ಮರವನ್ನು ಹೀಗೆ ಪರೀಕ್ಷಿಸಿ. ರಸದ ಜೊತೆ ದುಂಡಗಿನ ರಂಧ್ರವಿದ್ದು ಅದರಿಂದ ಅಗಿದ ನಾರು ಹೊರಬಂದಿದ್ದರೆ, ಬೆಳಗಿನ ನಿಶ್ಶಬ್ದದಲ್ಲಿ ಬೊಡ್ಡೆಗೆ ಕಿವಿಯಿಟ್ಟಾಗ ಕರಕರ ಸದ್ದು ಕೇಳಿದರೆ, ಒಳಗೆ ಕೆಂಪು ಮೂತಿ ಹುಳುವಿದೆ. ರಂಧ್ರವಿಲ್ಲದೆ ತೊಗಟೆಯ ಬಿರುಕುಗಳಿಂದ ಮಾತ್ರ ಕೆಂಗಂದು ರಸ ಇಳಿದು ಒಣಗಿ ಕಪ್ಪಾಗಿದ್ದರೆ ಅದು ಕಾಂಡ ಸೋರುವ ರೋಗವಿರಬಹುದು. ಅದು ಶಿಲೀಂಧ್ರದಿಂದ ಬರುವಂಥದ್ದು, ಕೀಟನಾಶಕದಿಂದ ವಾಸಿಯಾಗದು. ಬುಡದ ಭಾಗದಲ್ಲಿ ರಸ ಸೋರುವುದರ ಜೊತೆ ಕೆಳಗಿನ ಗರಿಗಳು ಜೋತುಬಿದ್ದಿದ್ದರೆ ಅಣಬೆ ರೋಗವನ್ನೂ ಶಂಕಿಸಬೇಕು. ಸುಳಿಯನ್ನು ಮೆಲ್ಲಗೆ ಎಳೆದು ನೋಡಿ: ದುರ್ವಾಸನೆಯೊಂದಿಗೆ ಸುಲಭವಾಗಿ ಕಿತ್ತು ಬಂದರೆ ಬೆಳೆಯುವ ತುದಿ ಕೊಳೆತಿದೆ ಎಂದರ್ಥ. ತೆಂಗಿಗೆ ಇರುವುದು ಒಂದೇ ಬೆಳೆಯುವ ತುದಿ. ಅದು ಹೋದ ಮೇಲೆ ಯಾವ ಔಷಧಿಯೂ ಮರವನ್ನು ಎಬ್ಬಿಸುವುದಿಲ್ಲ.

ಹುಳು ಇದೆ, ಸುಳಿ ಗಟ್ಟಿಯಾಗಿದೆ ಎಂದಾದರೆ, ರಂಧ್ರಗಳನ್ನು ಗುರುತಿಸಿ ನಾರು ತೆಗೆದು ಸ್ವಚ್ಛ ಮಾಡಿ. ಎಲ್ಲಕ್ಕಿಂತ ಮೇಲಿನದನ್ನು ಬಿಟ್ಟು ಉಳಿದವನ್ನು ಜೇಡಿಮಣ್ಣು ಅಥವಾ ಸಿಮೆಂಟಿನಿಂದ ಮುಚ್ಚಿ, ಮೇಲಿನ ರಂಧ್ರಕ್ಕೆ ಲಾಳಿಕೆ ಇಟ್ಟು, ಲೀಟರ್ ನೀರಿಗೆ 1 ಮಿಲಿಲೀಟರ್ ಇಮಿಡಾಕ್ಲೋಪ್ರಿಡ್ 17.8 ಎಸ್.ಎಲ್. ಬೆರೆಸಿದ ದ್ರಾವಣವನ್ನು ನಿಧಾನವಾಗಿ ಹಿಡಿಯುವಷ್ಟು ಸುರಿದು ಅದನ್ನೂ ಮುಚ್ಚಿ. ಒಂದು ವಾರದ ನಂತರವೂ ಹೊಸ ನಾರು, ಹೊಸ ರಸ ಕಂಡರೆ ಇನ್ನೊಮ್ಮೆ ಮಾಡಬೇಕಾಗುತ್ತದೆ. ಇದರಲ್ಲಿ ಅಪಾಯವಿಲ್ಲವೆಂದು ನಾನು ಹೇಳುವುದಿಲ್ಲ. ಬಲಿತ ಕಾಯಿಗಳನ್ನು ಮೊದಲೇ ಇಳಿಸಿಕೊಳ್ಳಿ, ಆಮೇಲೆ ಕನಿಷ್ಠ 45 ದಿನ ಆ ಮರದ ಎಳನೀರು, ಕಾಯಿ ಬಳಸಬೇಡಿ. ಈ ಔಷಧಿ ಜೇನುನೊಣಗಳಿಗೆ ಬಹಳ ವಿಷ; ಹೊಂಬಾಳೆಯ ಮೇಲೆ ಸಿಂಪಡಿಸುವುದು ಎಂದಿಗೂ ಕೂಡದು. ಬೊಡ್ಡೆಯ ಬಹುಭಾಗ ಟೊಳ್ಳಾಗಿದ್ದರೆ ಹುಳು ಸತ್ತರೂ ಗಾಳಿಗೆ ಮರ ಮುರಿಯಬಹುದು. ಮನೆ, ಕೊಟ್ಟಿಗೆ, ಓಡಾಡುವ ದಾರಿಯ ಪಕ್ಕದ ಮರವಾದರೆ ಉಳಿಸುವ ಆಸೆಗಿಂತ ಸುರಕ್ಷತೆಗೆ ಮೊದಲ ಸ್ಥಾನ ಕೊಡಿ.

ಅಂಗಡಿಯವರು ಹೇಳಿದ ಹರಳು ಔಷಧಿ ಯಾವುದೆಂದು ನೀವು ಬರೆದಿಲ್ಲ. ಅದು ಫೋರೇಟ್ ಆಗಿದ್ದರೆ ಮುಟ್ಟಬೇಡಿ. 2020ರ ಡಿಸೆಂಬರ್ 31ರಿಂದ ಅದು ದೇಶದಲ್ಲಿ ನಿಷಿದ್ಧ. ಹಿಂದೆ ಸುಳಿಗೆ ತುಂಬುತ್ತಿದ್ದ ಕಾರ್ಬರಿಲ್ ಕೂಡ 2018ರಲ್ಲೇ ನಿಷೇಧವಾಗಿದೆ. ಹಳೆಯ ಪೊಟ್ಟಣ ಮನೆಯಲ್ಲಿ ಉಳಿದಿದ್ದರೂ ಬಳಸಬಾರದು. ಬೊಡ್ಡೆಯೊಳಗಿನ ಕೆಂಪು ಮೂತಿ ಹುಳುವಿನ ಮರಿಗೆ ಸುಳಿಯ ಹರಳು ತಲುಪುವುದೂ ಇಲ್ಲ. ಕುರುವಾಯಿಯಿಂದ ಎಳೆಯ ಮರಗಳನ್ನು ಕಾಯಲು 250 ಗ್ರಾಂ ಬೇವಿನ ಅಥವಾ ಹೊಂಗೆ ಹಿಂಡಿಯ ಪುಡಿಯನ್ನು ಅಷ್ಟೇ ಮರಳಿನೊಂದಿಗೆ ಬೆರೆಸಿ ಮೇಲಿನ ಎರಡು ಮೂರು ಗರಿಗಳ ಬುಡದ ಸಂದಿಗೆ ತುಂಬುವುದು ನನ್ನ ಮೊದಲ ಆಯ್ಕೆ. ವರ್ಷಕ್ಕೆ ಮೂರು ಬಾರಿ, ಅದರಲ್ಲೂ ಮುಂಗಾರಿಗೆ ಮುಂಚೆ ತಪ್ಪದೆ ಹಾಕಬೇಕು. ಹಾವಳಿ ತೀವ್ರವಾಗಿದ್ದರೆ ಕ್ಲೋರಾಂಟ್ರಾನಿಲಿಪ್ರೋಲ್ ಶೇಕಡಾ 0.4ರ ಹರಳನ್ನು 5 ಗ್ರಾಂನಂತೆ ತೂತು ಮಾಡಿದ ಎರಡು ಸಣ್ಣ ಪೊಟ್ಟಣಗಳಲ್ಲಿ ಅದೇ ಸಂದಿಗೆ ಇಡಬಹುದು. ಬರೀ ಉಪ್ಪು ಸುರಿಯುವುದನ್ನು ನಾನು ಸಲಹೆ ಮಾಡುವುದಿಲ್ಲ.

ಮೋಹಕ ಬಲೆಗಳ ಬಗ್ಗೆ ಉತ್ಸಾಹ ಹೆಚ್ಚು, ತಿಳಿವಳಿಕೆ ಕಡಿಮೆ. ಎರಡು ಕೀಟಗಳ ಆಕರ್ಷಕಗಳು ಬೇರೆ. ಒಂದರದು ಇನ್ನೊಂದನ್ನು ಹಿಡಿಯದು, ಕೊಳ್ಳುವಾಗ ಕೇಳಿ ಕೊಳ್ಳಬೇಕು. ಎರಡರಲ್ಲೂ ಈ ವಾಸನೆ ಹೊರಡಿಸುವುದು ಗಂಡು, ಬರುವುದು ಗಂಡು ಹೆಣ್ಣು ಎರಡೂ. ಅದೇ ಇದರ ಲಾಭ, ಅದೇ ಅಪಾಯ: ಸುತ್ತಲಿನ ಹುಳುಗಳನ್ನು ಕರೆದು, ಬಕೆಟ್ಟಿನಲ್ಲಿ ನೀರು ಒಣಗಿ, ತಿಂಡಿ ಹಳಸಿ ಹೋಗಿದ್ದರೆ ಬಂದವು ಪಕ್ಕದ ಮರಕ್ಕೆ ಹೋಗುತ್ತವೆ. ಬಲೆಯನ್ನು ಏಳು ವರ್ಷದ ಮರಗಳಿಗೆ ಕಟ್ಟದೆ ತೋಟದ ಅಂಚಿನಲ್ಲಿ ಇಡಿ, ವಾರಕ್ಕೊಮ್ಮೆ ಸ್ವಚ್ಛ ಮಾಡಿ, ಕೆಂಪು ಮೂತಿ ಹುಳುವಿನ ಬಲೆಗೆ ಕಬ್ಬಿನ ತುಂಡು ಅಥವಾ ಬಾಳೆಹಣ್ಣನ್ನು ಹೊಸದಾಗಿ ಹಾಕುತ್ತಿರಿ. ಅಕ್ಕಪಕ್ಕದ ತೋಟದವರೂ ಸೇರಿ ಇಟ್ಟರೆ ಮಾತ್ರ ಸಂಖ್ಯೆ ಇಳಿಯುತ್ತದೆ. ಒಬ್ಬರೇ ಇಟ್ಟರೆ ಹುಳು ಬಂದಿದೆ ಎಂಬ ಸೂಚನೆಗಷ್ಟೇ ಸಾಕು. ಈಗಾಗಲೇ ಮರದೊಳಗಿರುವ ಮರಿಗಳನ್ನು ಯಾವ ಬಲೆಯೂ ಹೊರಗೆಳೆಯದು. ಕುರುವಾಯಿಗೆ ಅಗ್ಗದ ಇನ್ನೊಂದು ದಾರಿಯಿದೆ: ಒಂದು ಕೆಜಿ ಔಡಲ (ಹರಳೆಣ್ಣೆ ಬೀಜದ) ಹಿಂಡಿಯನ್ನು ಐದು ಲೀಟರ್ ನೀರಿನಲ್ಲಿ ನೆನೆಸಿ ಮಡಕೆಗಳಲ್ಲಿ ತುಂಬಿ ತೋಟದಲ್ಲಿಟ್ಟರೆ ದುಂಬಿಗಳು ಬಂದು ಬೀಳುತ್ತವೆ.

ಬಿದ್ದ ಮರದ ಬೊಡ್ಡೆಯನ್ನು ಏನು ಮಾಡಿದಿರೆಂದು ಹೇಳಿಲ್ಲ. ಬದುವಿನ ಮೇಲೆ ಹಾಗೇ ಹಾಕಿದ್ದರೆ ಇಂದೇ ವಿಲೇವಾರಿ ಮಾಡಿ. ಒಳಗಿನ ಗೂಡುಗಳಿಂದ ಕೆಂಪು ಮೂತಿ ಹುಳುಗಳು ಇನ್ನೂ ಹೊರಬರುತ್ತಿರಬಹುದು, ಮುಂದೆ ಬೊಡ್ಡೆ ಕೊಳೆತಾಗ ಕುರುವಾಯಿ ಅದರಲ್ಲೇ ಮೊಟ್ಟೆಯಿಡುತ್ತದೆ. ಹುಳು ತಿಂದ ಭಾಗವನ್ನೆಲ್ಲ ಸಣ್ಣಗೆ ಸೀಳಿಸಿ ಸುಡಿಸಿ. ತೊಲೆಗೆ ಆಗುವಂಥ ಗಟ್ಟಿ ಭಾಗವಿದ್ದರೆ ಅದನ್ನು ಒಣ ಜಾಗದಲ್ಲಿ, ನೆಲಕ್ಕೆ ತಾಗದಂತೆ ಇಡಿ. ಉಳಿದ ಹೊಸ ಮರಗಳ ಬೊಡ್ಡೆಗಳನ್ನು ಮುಂದಿನ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ ಬುಡದಿಂದ ತಲೆಯವರೆಗೆ ಸುತ್ತಿ ನೋಡಿ. ಗುರುತಿಸಲು ಅನುಮಾನವಿದ್ದರೆ ಮರಿಯನ್ನೂ ಬೆಳೆದ ಕೀಟವನ್ನೂ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ರಸ ಸೋರುವ ಜಾಗದ ಫೋಟೊ ತೆಗೆದುಕೊಂಡು, ತಿಪಟೂರು ಬಳಿಯ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೆ ಒಯ್ಯಿರಿ. ಔಷಧಿ ಸುರಿಯುವ ಮುಂಚೆ ಹೋಗಿ.